ಒಂದು ವಿಡಿಯೊ ಸರ್ವರ್‌ನಿಂದ ಇನ್ನೊಂದಕ್ಕೆ ಕ್ಲಿಪ್ ಕಳುಹಿಸುವ ಬಗೆ
ಎರಡು ವಿಡಿಯೊ ಸರ್ವರ್‌ಗಳ (ಟಿವಿ ಕ್ಲಿಪ್‌ಗಳನ್ನು ಇಟ್ಟು ಪ್ರಸಾರ ಮಾಡುವ ಯಂತ್ರಗಳ) ಕೈಪಿಡಿಯಲ್ಲೂ ಎಂಎಕ್ಸ್‌ಎಫ್ ಎಂಬ ಹೆಸರಿದೆ ಎಂದು ಧೈರ್ಯವಾಗಿ ಹೊರಡಬೇಡಿ. ಎಂಎಕ್ಸ್‌ಎಫ್ ಬರೀ ಹೊದಿಕೆ, ಅಂದರೆ ಚಿತ್ರ, ಧ್ವನಿಯನ್ನು ಸುತ್ತಿಡುವ ಫೈಲಿನ ರೂಪ; ಅದರಲ್ಲೂ ಬಗೆಗಳಿವೆ. ಒಪಿ1ಎಯಲ್ಲಿ ಚಿತ್ರ, ಧ್ವನಿ ಒಂದೇ ಫೈಲಿನಲ್ಲಿ ಇರುತ್ತವೆ. ಒಪಿ ಆಟಮ್‌ನಲ್ಲಿ ಪ್ರತಿ ಟ್ರ್ಯಾಕ್‌ಗೂ ಬೇರೆ ಫೈಲು. ಎಡಿಟಿಂಗ್ ಸ್ಟೋರೇಜ್‌ನಿಂದ ಆಟಮ್‌ನ ವಿಡಿಯೊ ಫೈಲನ್ನಷ್ಟೇ ಎತ್ತಿ ತಂದರೆ ಧ್ವನಿ ಹಿಂದೆಯೇ ಉಳಿಯುತ್ತದೆ. ಕ್ವಿಕ್‌ಟೈಮ್ ರೆಫರೆನ್ಸ್ ಫೈಲಿನದೂ ಇದೇ ಕಥೆ: ಗಂಟೆಯ ಕಾರ್ಯಕ್ರಮ ಕೆಲವೇ ಸೆಕೆಂಡಿನಲ್ಲಿ ಕಾಪಿ ಆಯಿತೆಂದರೆ ಬಂದಿರುವುದು ವಿಳಾಸಪಟ್ಟಿ ಮಾತ್ರ, ಮೀಡಿಯ ಅಲ್ಲ.

ಆದ್ದರಿಂದ ಮೊದಲು ಮೂಲ ಕ್ಲಿಪ್ಪನ್ನು ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ತೆರೆದು ನೋಡಿ. ಕೋಡೆಕ್ (ಚಿತ್ರ, ಧ್ವನಿಯನ್ನು ಕುಗ್ಗಿಸುವ ವಿಧಾನ), ಬಿಟ್‌ರೇಟ್, ಫ್ರೇಮ್‌ರೇಟ್, ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ಚಿತ್ರಿಸುವ ಬಗೆ) ಇದೆಯೇ, ಆರಂಭದ ಟೈಮ್‌ಕೋಡ್ (ಫ್ರೇಮ್‌ನ ಸಮಯದ ಗುರುತು) ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಧ್ವನಿಯ ಜೋಡಣೆಗೆ ವಿಶೇಷ ಗಮನ ಕೊಡಿ: ಎಂಟು ಮೊನೊ ಟ್ರ್ಯಾಕ್, ನಾಲ್ಕು ಸ್ಟೀರಿಯೊ ಜೋಡಿ, ಎಂಟು ಚಾನೆಲ್‌ನ ಒಂದೇ ಟ್ರ್ಯಾಕ್, ಇವು ಮೂರೂ ಬೇರೆ ಬೇರೆ. ಮೊನೊ ಟ್ರ್ಯಾಕ್‌ಗಳನ್ನೇ ನಿರೀಕ್ಷಿಸುವ ಸರ್ವರ್ ಉಳಿದವನ್ನು ನಿರಾಕರಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಸುಮ್ಮನೆ ಒಪ್ಪಿಕೊಂಡು ಮೊದಲ ಎರಡು ಚಾನೆಲ್ ಮಾತ್ರ ನುಡಿಸಬಹುದು.

ಸಮಯದ ಲೆಕ್ಕ ಹೀಗೆ: ಎಕ್ಸ್‌ಡಿಕ್ಯಾಮ್ ಎಚ್‌ಡಿ422 ಎಂಬ ಬಗೆಯ ಚಿತ್ರ ಸೆಕೆಂಡಿಗೆ 50 ಮೆಗಾಬಿಟ್, 48 ಕಿಲೋಹರ್ಟ್ಸ್ 24 ಬಿಟ್‌ನ ಎಂಟು ಚಾನೆಲ್ ಸುಮಾರು 9.2 ಮೆಗಾಬಿಟ್. ಒಟ್ಟು ಗಂಟೆಗೆ 27 ಗಿಗಾಬೈಟ್ ಹತ್ತಿರ. ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ 100 ಮೆಗಾಬೈಟ್ ಸಿಕ್ಕರೆ ನಾಲ್ಕೂವರೆ ನಿಮಿಷ. ಪ್ರಸಾರದಲ್ಲಿರುವ ಸರ್ವರ್‌ನಿಂದ ಪೂರ್ಣ ವೇಗದಲ್ಲಿ ಎಳೆಯಬೇಡಿ; ಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲು ಸಾಗಿಸುವ ವಿಧಾನ) ವೇಗಕ್ಕೆ ಮಿತಿ ಹಾಕಿ, ಏಕಕಾಲಕ್ಕೆ ಒಂದೆರಡು ವರ್ಗಾವಣೆ ಸಾಕು. ಡಿಸ್ಕ್‌ನ ಮೊದಲ ಹಕ್ಕು ಪ್ಲೇಔಟ್‌ನದು, ಅಂದರೆ ಪ್ರಸಾರದ್ದು. ಪೋರ್ಟಬಲ್ ಡಿಸ್ಕ್ ಬಳಸುವುದಾದರೆ ಎಫ್‌ಎಟಿ32 ಫಾರ್ಮ್ಯಾಟ್ ಬೇಡವೇ ಬೇಡ: ಒಂದು ಫೈಲಿಗೆ ಅದರ 4 ಗಿಗಾಬೈಟ್ ಮಿತಿ ಈ ಬಿಟ್‌ರೇಟ್‌ನಲ್ಲಿ ಹತ್ತು ನಿಮಿಷದೊಳಗೇ ಮುಗಿಯುತ್ತದೆ.

ಎಫ್‌ಟಿಪಿಯನ್ನು ಬೈನರಿ ಮೋಡ್‌ನಲ್ಲೇ ಇಡಿ. ನಡುವೆ ಫೈರ್‌ವಾಲ್ ಇದ್ದರೆ ಪ್ಯಾಸಿವ್ ಮೋಡ್ ಬಳಸಿ, ಅದರ ಡೇಟಾ ಪೋರ್ಟ್‌ಗಳನ್ನೂ ತೆರೆಸಿ. ಗ್ರಾಸ್ ವ್ಯಾಲಿ ಕಂಪನಿಯ ಕೆ2 ಸರ್ವರ್‌ನಲ್ಲಿ ಎಫ್‌ಟಿಪಿ ಮೂಲದಲ್ಲೇ ಜಿಎಕ್ಸ್‌ಎಫ್ (ಇದೂ ಒಂದು ಹೊದಿಕೆ), ಎಂಎಕ್ಸ್‌ಎಫ್ ಎಂಬ ಫೋಲ್ಡರ್‌ಗಳು ಕಾಣುತ್ತವೆ. ಯಾವುದರ ಮೂಲಕ ತೆಗೆಯುತ್ತೀರೋ ಆ ಹೊದಿಕೆಯಲ್ಲೇ ಕ್ಲಿಪ್ ಹೊರಬರುತ್ತದೆ.

ಎರಡು ದೋಷಗಳು ಮತ್ತೆ ಮತ್ತೆ ಕಾಡುತ್ತವೆ. ಲಾಗಿನ್ ಆಗುತ್ತದೆ, ಆದರೆ ದೊಡ್ಡ ಫೈಲು ಶುರುವಾದೊಡನೆ ನಿಂತುಬಿಡುತ್ತದೆ: ಸರ್ವರ್‌ಗಳಲ್ಲಿ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 9000 ಇದ್ದು, ನಡುವಿನ ಯಾವುದೋ ಸ್ವಿಚ್‌ನಲ್ಲಿ 1500 ಇದೆ ಎಂದು ಶಂಕಿಸಿ. ಇನ್ನೊಂದು, ಫೈಲು ಪೂರ್ತಿ ಬಂದಿದ್ದರೂ ವರ್ಗಾವಣೆ ವಿಫಲ ಎಂಬ ಸಂದೇಶ. ಡೇಟಾ ಹರಿಯುವಷ್ಟು ಹೊತ್ತೂ ಆದೇಶಗಳು ಸಾಗುವ ಕಂಟ್ರೋಲ್ ಸಂಪರ್ಕ ಸುಮ್ಮನಿರುತ್ತದೆ, ಫೈರ್‌ವಾಲ್ ಅದನ್ನು ಕಡಿದುಹಾಕುತ್ತದೆ. ಐಡಲ್ ಟೈಮ್‌ಔಟನ್ನು ಅತಿ ದೀರ್ಘ ವರ್ಗಾವಣೆಗಿಂತ ಹೆಚ್ಚು ಮಾಡಿಸಿ.

ರೆಕಾರ್ಡಿಂಗ್ ನಿಲ್ಲುವ ಮೊದಲೇ ತೆಗೆದ ಎಂಎಕ್ಸ್‌ಎಫ್‌ನ ಹೆಡರ್‌ನಲ್ಲಿ ಅವಧಿ ಇನ್ನೂ ತುಂಬಿರದೇ ಇರಬಹುದು, ಕೊನೆಯ ಫೂಟರ್ ಅಂತೂ ಇರುವುದೇ ಇಲ್ಲ. ಬೆಳೆಯುತ್ತಿರುವ ಫೈಲನ್ನು ಎರಡೂ ಕಡೆಯವು ಬೆಂಬಲಿಸದಿದ್ದರೆ ಕಾಯಿರಿ. ಹೆಸರಿನಲ್ಲಿ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಬೇರೇನೂ ಬೇಡ. ಆಟೊಮೇಶನ್ ಹಳೆಯ ವಿಡಿಸಿಪಿ (ಸರ್ವರನ್ನು ನಿಯಂತ್ರಿಸುವ ಪ್ರೋಟೊಕಾಲ್) ಬಳಸುತ್ತಿದ್ದರೆ ಕ್ಲಿಪ್ ಐಡಿ ಎಂಟು ಅಕ್ಷರದೊಳಗಿರಲಿ.

ಪರಿಶೀಲನೆಗೆ ಎಂಡಿ5 (ಫೈಲಿನ ಬೆರಳಚ್ಚಿನಂಥ ಸಂಕೇತ) ಒಂದನ್ನೇ ನಂಬಲಾಗದು. ಫೈಲನ್ನು ಇದ್ದಂತೆಯೇ ಇಡುವ ಸರ್ವರ್‌ನಲ್ಲಿ ಅದು ಸರಿ. ಒಳಗೆಳೆದುಕೊಂಡು ಹೊದಿಕೆ ಬಿಚ್ಚಿ ತನ್ನ ರೀತಿಯಲ್ಲಿ ಇಟ್ಟುಕೊಳ್ಳುವ ಸರ್ವರ್‌ನಿಂದ ಮರಳಿ ತೆಗೆದ ಫೈಲಿನ ಎಂಡಿ5 ಮೂಲಕ್ಕೆ ಹೊಂದದಿದ್ದರೂ ಚಿತ್ರ, ಧ್ವನಿ ಕೆಟ್ಟಿವೆ ಎಂದರ್ಥವಲ್ಲ. ಅಲ್ಲಿ ಅವಧಿಯನ್ನು ಫ್ರೇಮ್ ಲೆಕ್ಕದಲ್ಲಿ ಹೋಲಿಸಿ, ಆರಂಭದ ಟೈಮ್‌ಕೋಡ್ ನೋಡಿ, ಕ್ಲಿಪ್‌ನ ತಲೆ, ನಡು, ಬಾಲ ಮೂರನ್ನೂ ನಿಜವಾದ ಔಟ್‌ಪುಟ್ ಚಾನೆಲ್‌ನಲ್ಲೇ ಓಡಿಸಿ, ಪ್ರತಿ ಆಡಿಯೊ ಮೀಟರ್ ಅಲುಗುತ್ತಿದೆಯೇ ಗಮನಿಸಿ. ಸಬ್‌ಟೈಟಲ್ ಇದ್ದರೆ ಆನ್ಸಿಲರಿ ಡೇಟಾ (ಚಿತ್ರದ ಜೊತೆ ಸಾಗುವ ಹೆಚ್ಚುವರಿ ಮಾಹಿತಿ) ಉಳಿದಿದೆಯೇ ಎಂದೂ ನೋಡಬೇಕು. ಹೊದಿಕೆ ಬದಲಾದಾಗ ಸದ್ದಿಲ್ಲದೆ ಕಳೆದುಹೋಗುವುದು ಅದೇ. ಇಷ್ಟಾಗುವವರೆಗೆ ಮೂಲ ಕ್ಲಿಪ್ ಅಳಿಸಬೇಡಿ.