ಮನಿ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್ ಹಾಕ್ಬೇಕು? ಮೊದ್ಲು ಅದನ್ನ ಯಾರ್ ಮುಟ್ತಾರ ನೋಡ್ರಿ

ದೀಪಾವಳಿ ಫರಾಳಕ್ಕಂತ ಪುಣೇದಾಗ ಯಾರ ಮನಿಗೆ ಹೋದ್ರೂ ನನ್ನ ಮುಂದ ಚಕ್ಕುಲಿ ತಾಟಿನ ಜೋಡಿ ಒಂದು ಲ್ಯಾಪ್‌ಟಾಪ್ ಬಂದು ಕೂಡ್ತದ, "ಸ್ವಲ್ಪ ನೋಡೋ ತಮ್ಮಾ, ಭಾಳ ಸ್ಲೋ ಆಗ್ಯದ, ವೈರಸ್ ಹೊಕ್ಕದೋ ಏನೋ" ಅಂತ. ಹೋದ ಸಲ ಚಿಂಚವಡದಾಗ ನಮ್ಮ ಮಾಮಾನ ಮನ್ಯಾಗ ನೋಡಿದ್ರ ಒಂದ ಲ್ಯಾಪ್‌ಟಾಪ್‌ನ್ಯಾಗ ಮೂರು ಆಂಟಿವೈರಸ್! ಒಂದು ತಗೊಂಡಾಗ ಜೋಡಿ ಬಂದಿದ್ದ ಟ್ರಯಲ್, ಅದು ಮುಗದು ಎರಡು ವರ್ಷ ಆಗಿತ್ತು, ಇನ್ನೊಂದು ರಿಪೇರಿ ಅಂಗಡಿಯವ ಹಾಕಿಕೊಟ್ಟಿದ್ದು, ಮೂರನೇದು ಮಾಮಾನ ಸ್ವಂತ ಸಾಧನೆ, ಯಾವುದೋ ಪಾಪ್‌ಅಪ್‌ನ್ಯಾಗ ಕೆಂಪು ಅಕ್ಷರ ನೋಡಿ ಗಾಬರಿ ಆಗಿ ಒತ್ತಿ ಇಳಿಸಿಕೊಂಡಿದ್ರು. ಇಷ್ಟಿದ್ರೂ ಮಗಳ ಲಗ್ನಪತ್ರಿಕಾ ಇದ್ದ ಪೆನ್‌ಡ್ರೈವ್‌ನ್ಯಾಗ ವೈರಸ್ ಇತ್ತು. "ಮೂರ್ ಮೂರ್ ಅದಾವಲ್ಲೋ, ಹೆಂಗ್ ಬಂತು?" ಅಂದ್ರು.

ಮೂರು ಇದ್ದದ್ದಕ್ಕ ಹಂಗಾತ್ರಿ ಮಾಮಾ. ಆಂಟಿವೈರಸ್ ಅಂದ್ರ ನೀವು ಯಾವುದ ಫೈಲ್ ತೆಗೆದ್ರೂ ನಡುವ ನಿಂತು ಮೊದ್ಲು ತಾ ನೋಡಿ ಆಮ್ಯಾಲೆ ಬಿಡ್ತದ, ಎರಡು ಇದ್ರ ಎರಡೂ ಅದ ಬಾಗಲದಾಗ ನಿಂತು ಜಗ್ಗಾಡ್ತಾವ, ಒಂದು ಹಿಡದು ಇಟ್ಟ ಫೈಲ್ ನೋಡಿ ಇನ್ನೊಂದು ವೈರಸ್ ವೈರಸ್ ಅಂತ ಒದರ್ತದ, ನಡುವ ಕಂಪ್ಯೂಟರ್ ಮಾತ್ರ ತೆವಳ್ತದ. ಹಿಂಗಾಗಿ ಮೊದಲನೇ ಕೆಲಸ ಹೊಸಾದು ಹಾಕೋದಲ್ಲ, ಇದ್ದದ್ದನ್ನ ತೆಗೆಯೋದು. ಸೆಟ್ಟಿಂಗ್ಸ್‌ನ್ಯಾಗ ಆ್ಯಪ್ಸ್‌ಗೆ ಹೋಗಿ ಪಟ್ಟಿ ಪೂರ್ತಿ ಕಣ್ಣಾಡಸ್ರಿ, ಮುಗದುಹೋದ ಟ್ರಯಲ್ ಇದ್ರ ಅನ್‌ಇನ್‌ಸ್ಟಾಲ್ ಮಾಡ್ರಿ. ಕೆಲವು ಭಾಳ ಹಟಮಾರಿ ಇರ್ತಾವ, ಅರ್ಧಾ ಹೋಗಿ ಅರ್ಧಾ ಉಳೀತಾವ, ಅಂಥದಕ್ಕ ಆ ಕಂಪನಿಯ ಸೈಟ್‌ನ್ಯಾಗ ರಿಮೂವಲ್ ಟೂಲ್ ಅಂತ ಬ್ಯಾರೆ ಸಿಗ್ತದ, ಅದನ್ನ ಓಡಿಸಿ ರೀಸ್ಟಾರ್ಟ್ ಮಾಡ್ರಿ.

ತೆಗೆದ ಮ್ಯಾಲೆ ಏನು ಉಳೀತದ ಅಂದ್ರ ವಿಂಡೋಸ್‌ದ್ದ ಆದ ಡಿಫೆಂಡರ್. ವಿಂಡೋಸ್ 10, 11 ಎರಡರಾಗೂ ಅದು ಮೊದಲಿನಿಂದನೂ ಒಳಗ ಅದ, ರೊಕ್ಕ ಇಲ್ಲ, ಬ್ಯಾರೆ ಆಂಟಿವೈರಸ್ ಹಾಕಿದ್ರ ತಾನಾಗಿ ಬದಿಗೆ ಸರೀತದ, ತೆಗೆದ್ರ ತಾನಾಗಿ ಎದ್ದು ನಿಲ್ತದ. "ಫುಕಟ್ ಅಂದ ಮ್ಯಾಲೆ ಏನು ಛಲೋ ಇರ್ತದ" ಅಂತ ಭಾಳ ಮಂದಿ ಮೂಗು ಮುರೀತಾರ, ಹತ್ತು ಹದಿನೈದು ವರ್ಷದ ಹಿಂದ ಆ ಮಾತು ಖರೇನ ಇತ್ತು, ಈಗಿಲ್ಲ. ನೆಟ್ ಬ್ಯಾಂಕಿಂಗ್, ಯೂಟ್ಯೂಬ್, ಮಕ್ಕಳ ಪ್ರಾಜೆಕ್ಟ್, ರೈಲ್ವೆ ಟಿಕೆಟ್ ಇಷ್ಟ ಮಾಡೋ ಮನಿಗೆ ಡಿಫೆಂಡರ್ ಸಾಕು, ಇದು ನನ್ನ ಅಭಿಪ್ರಾಯ, ಅಂಗಡಿಯವ್ರು ಒಪ್ಪೋದಿಲ್ಲ, ಅವ್ರು ಯಾಕ ಒಪ್ತಾರ್ರಿ.

ಆದ್ರ ಅದು ಖರೇನ ಎಚ್ಚರ ಅದನೋ ಇಲ್ಲೋ ನೋಡ್ಬೇಕು. ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯೂರಿಟಿ ಅಂತ ಟೈಪ್ ಮಾಡ್ರಿ, ಎಲ್ಲಾ ಕಡೆ ಹಸಿರು ಟಿಕ್ ಇರ್ಬೇಕು. ಅದರಾಗ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒತ್ತಿ ಕೆಳಗ ಅಪ್ಡೇಟ್ ತಾರೀಖು ನೋಡ್ರಿ, ಇವತ್ತಿಂದೋ ನಿನ್ನಿಂದೋ ಇದ್ರ ಸರಿ. ರಿಯಲ್ ಟೈಮ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎರಡೂ ಆನ್ ಇರ್ಲಿ. ಈಗ ಯಾರೂ ನೋಡದ ಜಾಗಾ ಒಂದದ, ಅದ ಪುಟದಾಗ ಮ್ಯಾನೇಜ್ ಸೆಟ್ಟಿಂಗ್ಸ್ ಒಳಗ ಪೂರ್ತಿ ಕೆಳಗ ಇಳದ್ರ ಎಕ್ಸ್‌ಕ್ಲೂಷನ್ಸ್ ಅಂತ ಇರ್ತದ, ಅಂದ್ರ "ಈ ಜಾಗಾ ತಪಾಸ ಮಾಡ್ಬ್ಯಾಡ" ಅಂತ ಡಿಫೆಂಡರ್‌ಗೆ ಹೇಳಿಟ್ಟ ಪಟ್ಟಿ. ಮಾಮಾನ ಲ್ಯಾಪ್‌ಟಾಪ್‌ನ್ಯಾಗ ಅಲ್ಲಿ ಪೂರಾ ಸಿ ಡ್ರೈವ್ ಇತ್ತು! ಕಳ್ಳ ವಿಂಡೋಸ್, ಕಳ್ಳ ಆಫೀಸ್ ಹಾಕೋ ಆಕ್ಟಿವೇಟರ್ ಓಡಿಸೋ ಮುಂದ ಆಂಟಿವೈರಸ್ ಅಡ್ಡ ಬರಬಾರ್ದು ಅಂತ ಹಿಂಗ ಹಾಕಿ ಹೋಗಿರ್ತಾರ, ಆಮ್ಯಾಲೆ ಯಾರೂ ತೆಗೆಯೋದಿಲ್ಲ. ಹಸಿರು ಟಿಕ್ ಕಾಣಸ್ತದ, ಆದ್ರ ಕಾವಲುಗಾರ ಕಣ್ಣಿಗೆ ಬಟ್ಟಿ ಕಟಗೊಂಡು ಕೂತಂಗ. ನಿಮ್ಮ ಪಟ್ಟಿಯಾಗ ನೀವ ಹಾಕದ್ದು ಏನಾರ ಇದ್ರ ಈಗಿಂದೀಗ ತೆಗೀರಿ, ತೆಗೆದ ಮ್ಯಾಲೆ ಒಂದು ಫುಲ್ ಸ್ಕ್ಯಾನ್ ಹಚ್ಚಿ ಊಟಕ್ಕ ಏಳ್ರಿ, ತಾಸುಗಟ್ಟಲೆ ಹಿಡೀತದ.

ಹಂಗಾದ್ರ ರೊಕ್ಕದ ಆಂಟಿವೈರಸ್ ಯಾರಿಗೆ ಬೇಕು? ಇಲ್ಲೇ ನಾ ಮೊದ್ಲ ಹೇಳಿದ ಮಾತು ಬರೋದು, ಕಂಪ್ಯೂಟರ್ ಯಾರ್ ಮುಟ್ತಾರ ನೋಡ್ರಿ. ನೀವೊಬ್ಬರ ಮುಟ್ತೀರಿ, ಸಿಕ್ಕ ಸಿಕ್ಕಲ್ಲೆ ಒತ್ತೋದಿಲ್ಲ ಅಂದ್ರ ಬ್ಯಾಡ. ಮನ್ಯಾಗ ಹತ್ತನೇ ಕ್ಲಾಸ್ ಹುಡುಗ ಅದಾನ, ಗೇಮ್‌ನ ಮಾಡ್ ಚೀಟ್ ಅಂತ ಎಲ್ಲಿಂದರ ಏನಾರ ಇಳಸ್ತಾನ, ಅವನ ಮ್ಯಾಲೆ ಪೇರೆಂಟಲ್ ಕಂಟ್ರೋಲ್ ಬೇಕು, ಅಥವಾ ಮನ್ಯಾಗ ಕೂತು ನಾಕು ಮಂದಿ ಟ್ಯಾಲಿ ಲೆಕ್ಕಾ ಬರೀತೀರಿ, ದಿನಾ ಹತ್ತು ಮಂದಿ ಪೆನ್‌ಡ್ರೈವ್ ಬರ್ತಾವ, ಇಲ್ಲಾ ಏನರ ಆದ್ರ ಫೋನ್ ಹಚ್ಚಿ ಮರಾಠಿಯೊಳಗೋ ಹಿಂದಿಯೊಳಗೋ ಕೇಳಾಕ ಒಬ್ಬ ಮನುಷ್ಯಾ ಬೇಕು, ಆಗ ತಗೋರಿ. ಆದ್ರ ಹುಡುಗನ ವಿಷಯದಾಗ ಅದಕ್ಕಿಂತ ದೊಡ್ಡ ಮದ್ದು ಪುಕ್ಕಟ ಅದ, ಅವಂಗ ಬ್ಯಾರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡ್ರಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ರ ಇರ್ಲಿ. ಭಾಳಷ್ಟು ಪ್ರೋಗ್ರಾಂ ಇನ್‌ಸ್ಟಾಲ್ ಮಾಡಾಕ ಹೋದ್ರ ಪಾಸ್‌ವರ್ಡ್ ಕೇಳ್ತದ, ಅವ "ಪಪ್ಪಾ ಪಾಸ್‌ವರ್ಡ್" ಅಂತ ಬರ್ತಾನ, ಆಗ ಸ್ಕ್ರೀನ್ ಮ್ಯಾಲೆ ಏನದ ಅಂತ ಓದಿ ಹಾಕ್ರಿ. ಗೇಮ್ ಕ್ರ್ಯಾಕ್ ಜೋಡಿ "ಮೊದ್ಲು ಆಂಟಿವೈರಸ್ ಆಫ್ ಮಾಡ್ರಿ" ಅಂತ ಬರೆದಿರ್ತಾರಲ್ಲ, ಅಷ್ಟು ಓದಿದ್ರ ಸಾಕು ಆ ಫೈಲ್ ಡಿಲೀಟ್ ಮಾಡಾಕ. ಅಂಥದರಾಗ ಈಗ ಹೆಚ್ಚಾಗಿ ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂ ಇರ್ತಾವ, ಕಂಪ್ಯೂಟರ್‌ಗೆ ಏನೂ ಆಗಿಲ್ಲ ಅನಸ್ತದ, ಬ್ರೌಸರ್‌ನ್ಯಾಗ ಸೇವ್ ಮಾಡಿದ್ದೆಲ್ಲಾ ಎರಡು ನಿಮಿಷದಾಗ ಹೊರಗ ಹೋಗಿರ್ತದ.

ತಗೊಳ್ಳೋದು ಖಚಿತ ಆತು ಅಂದ್ರ "ಟಾಪ್ 10 ಆಂಟಿವೈರಸ್" ಅನ್ನೋ ಪಟ್ಟಿ ನಂಬಬ್ಯಾಡ್ರಿ, ಅದರಾಗ ಭಾಳಷ್ಟು ಕಮಿಷನ್ ಆಟ. ಜರ್ಮನಿಯ ಮಾಗ್ಡೆಬರ್ಗ್‌ನ್ಯಾಗ ಎವಿ-ಟೆಸ್ಟ್ ಅಂತ ಒಂದು ಲ್ಯಾಬ್ ಅದ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ್ಯಾಗ ಎವಿ-ಕಂಪ್ಯಾರಟಿವ್ಸ್ ಅಂತ ಇನ್ನೊಂದು, ಇವ್ರು ವರ್ಷವಿಡೀ ಆಂಟಿವೈರಸ್‌ಗಳ ಪರೀಕ್ಷಾ ಮಾಡ್ತಾರ, ಫಲಿತಾಂಶ ಯಾರ್ ಬೇಕಾದ್ರೂ ನೋಡಬಹುದು. ಎವಿ-ಟೆಸ್ಟ್‌ನವ್ರು ರಕ್ಷಣಾಕ್ಕ 6, ಸ್ಪೀಡಿಗೆ 6, ಸುಮ್ಮಸುಮ್ಮನ ಒದರದ ಇರೋದಕ್ಕ 6, ಒಟ್ಟು 18ಕ್ಕ ಮಾರ್ಕ್ಸ್ ಕೊಡ್ತಾರ. ಒಂದ ತಿಂಗಳದ್ದು ನೋಡಿ ನಿರ್ಧಾರ ಮಾಡಬ್ಯಾಡ್ರಿ, ನಾಕೈದು ಸಲದ್ದು ನೋಡ್ರಿ. ನಿಮ್ಮದು 4 ಜಿಬಿ ರ್‍ಯಾಮ್‌ದ ಹಳೇ ಮಷೀನ್ ಇದ್ರ ಸ್ಪೀಡಿನ ಮಾರ್ಕ್ಸ್ ಮೊದ್ಲು ನೋಡ್ರಿ, ಇಲ್ಲಂದ್ರ ವೈರಸ್ಸೇ ಬರ್ಲಿ ಅನಸಂಗ ಆಗ್ತದ.

ಪುಣೇದವ್ರು ಕೇಳೇ ಕೇಳ್ತಾರ, "ನಮ್ಮ ಕ್ವಿಕ್ ಹೀಲ್ ಹೆಂಗ?" ಅಂತ. ಅದು ಇಲ್ಲಿ ಮಣ್ಣಿಂದ ಎದ್ದ ಕಂಪನಿ, ಕೈಲಾಸ ಕಾಟ್ಕರ್ ಅನ್ನೋವ್ರು ಇಲ್ಲೇ ಕ್ಯಾಲ್ಕುಲೇಟರ್ ರಿಪೇರಿ ಮಾಡ್ತಿದ್ರು, ತಮ್ಮ ಸಂಜಯ ಕಾಟ್ಕರ್ ಕಂಪ್ಯೂಟರ್ ಓದಿ 1990ರ ದಶಕದಾಗ ಆಂಟಿವೈರಸ್ ಬರೆದ್ರು, ಅಲ್ಲಿಂದ ಬೆಳೆದು 2016ರಾಗ ಶೇರ್ ಮಾರ್ಕೆಟ್‌ಗೂ ಬಂತು. ಅಭಿಮಾನ ಇರ್ಲಿ, ಆದ್ರ ಅಭಿಮಾನಕ್ಕ ಮಾರ್ಕ್ಸ್ ಕೊಡಬ್ಯಾಡ್ರಿ, ಅದನ್ನೂ ಬ್ಯಾರೆದ್ರ ಹಂಗ ಟ್ರಯಲ್ ಹಾಕಿ ನಿಮ್ಮ ಮಷೀನ್ ಮ್ಯಾಲೆ ಒಂದು ವಾರ ಓಡಿಸಿ ನೋಡ್ರಿ. ರೇಟ್ ನೋಡೋ ಮುಂದ ಮೊದಲನೇ ವರ್ಷದ ಡಿಸ್ಕೌಂಟ್ ಅಲ್ಲ, ಎರಡನೇ ವರ್ಷ ರಿನ್ಯೂವಲ್ ಎಷ್ಟು ಅಂತ ನೋಡ್ರಿ, ಆಟೋ ರಿನ್ಯೂವಲ್ ಆನ್ ಇದ್ರ ಆವತ್ತ ಆಫ್ ಮಾಡ್ರಿ. ವಿಪಿಎನ್, ಪಿಸಿ ಕ್ಲೀನರ್, ಡ್ರೈವರ್ ಅಪ್ಡೇಟರ್ ಅಂತೆಲ್ಲಾ ಸೇರಿಸಿ ದೊಡ್ಡ ಪ್ಯಾಕ್ ಮಾರ್ತಾರ, ಮನಿಗೆ ಅದ್ಯಾವುದೂ ಬೇಕಾಗಿಲ್ಲ.

ಇನ್ನ ಆಂಟಿವೈರಸ್‌ಗಿಂತ ದೊಡ್ಡ ವಿಷಯ ಅಂದ್ರ ಅಪ್ಡೇಟ್. 2017ರ ಮೇ 12ಕ್ಕ ವಾನ್ನಾಕ್ರೈ ಅನ್ನೋ ರ್‍ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ಬಿಡಸಾಕ ರೊಕ್ಕ ಕೇಳೋ ವೈರಸ್) ಬಂದು ಜಗತ್ತಿನಾಗ ಲಕ್ಷಗಟ್ಟಲೆ ಕಂಪ್ಯೂಟರ್ ಲಾಕ್ ಮಾಡ್ತಲ್ಲ, ಆ ತೂತು ಮುಚ್ಚೋ ಅಪ್ಡೇಟ್ ಮೈಕ್ರೋಸಾಫ್ಟ್ ಮಾರ್ಚ್‌ದಾಗ, ಅಂದ್ರ ಎರಡು ತಿಂಗಳು ಮೊದ್ಲ ಕೊಟ್ಟಿತ್ತು, "ರಿಮೈಂಡ್ ಮಿ ಲೇಟರ್" ಒತ್ತಿ ಕೂತವ್ರು ಸಿಕ್ಕೊಂಡ್ರು. ವಿಂಡೋಸ್ 10 ಇದ್ದವ್ರು ಇದನ್ನ ಲಕ್ಷ ಕೊಟ್ಟು ಓದ್ರಿ, ಅದಕ್ಕ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದದ. ಮನಿ ಕಂಪ್ಯೂಟರ್‌ಗೆ ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್ಡೇಟ್ಸ್) ಅನ್ನೋದಕ್ಕ ಎನ್‌ರೋಲ್ ಮಾಡಿದ್ರ 2026ರ ಅಕ್ಟೋಬರ್ 13ರ ತನಕ ಸೆಕ್ಯೂರಿಟಿ ಅಪ್ಡೇಟ್ ಬರ್ತಾವ. ಇದರಾಗ ಒಂದು ಮೋಸದ ಸಮಾಧಾನ ಅದ, ವಿಂಡೋಸ್ 10ರ ಡಿಫೆಂಡರ್‌ಗೆ ಹೊಸ ವೈರಸ್‌ಗಳ ಪಟ್ಟಿ 2028ರ ಅಕ್ಟೋಬರ್ ತನಕ ಬರ್ತದ ಅಂತ ಹೇಳ್ಯಾರ, ಹಿಂಗಾಗಿ ಹಸಿರು ಟಿಕ್ ನೋಡಿ ಎಲ್ಲಾ ಬರಾಬರ್ ಅದ ಅಂತ ತಿಳ್ಕೋತೀರಿ, ಆದ್ರ ಇಎಸ್‌ಯು ಇಲ್ಲಂದ್ರ ವಿಂಡೋಸ್‌ನ ಗ್ವಾಡಿಯೊಳಗಿನ ಹೊಸ ತೂತು ಮುಚ್ಚೋವ್ರು ಇರೋದಿಲ್ಲ.

ಈಗ ಮಾಮಾನ ಪೆನ್‌ಡ್ರೈವ್‌ಗೆ ಬರೋಣ. ಝೆರಾಕ್ಸ್ ಅಂಗಡಿಗೆ ಲಗ್ನಪತ್ರಿಕಾ ಪ್ರಿಂಟ್ ತಗ್ಸಾಕ ಒಯ್ದಿದ್ರು, ಮನಿಗೆ ತಂದು ಹಾಕಿದ್ರ ಫೋಲ್ಡರ್ ಎಲ್ಲಾ ಇದ್ದಂಗ ಅದ, ಒತ್ತಿದ್ರ ತೆರೀತದ, ಅದಕ್ಕ ಅವ್ರಿಗೆ ಸಂಶಯನ ಬಂದಿಲ್ಲ. ಸನಿಹ ಹೋಗಿ ನೋಡಿದ್ರ ಪ್ರತಿ ಫೋಲ್ಡರ್‌ನ ಎಡಗಡೆ ಕೆಳಗ ಸಣ್ಣ ಬಾಣ, ಸೈಜ್ ನೋಡಿದ್ರ ಒಂದೆರಡು ಕೆಬಿ ಅಷ್ಟ. ಅವು ಫೋಲ್ಡರ್ ಅಲ್ಲ, ಶಾರ್ಟ್‌ಕಟ್, ಒತ್ತಿದ ಕೂಡ್ಲೇ ಮೊದ್ಲು ವೈರಸ್ ಓಡಿಸಿ ಆಮ್ಯಾಲೆ ನಿಮ್ಮ ಫೋಲ್ಡರ್ ತೆರೀತದ, ಕಳ್ಳ ತಾನ ಬಾಗಲಾ ತೆರೆದು "ಬರ್ರಿ" ಅಂದಂಗ. ಇಂಥದ್ದು ಕಂಡ್ರ ಒತ್ತಬ್ಯಾಡ್ರಿ, ಡ್ರೈವ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡ್ರಿ. ಆಮ್ಯಾಲೆ ಫೋಲ್ಡರ್ ಆಪ್ಷನ್ಸ್‌ನ್ಯಾಗ ಹಿಡನ್ ಫೈಲ್ಸ್ ತೋರಿಸು ಅನ್ನೋದನ್ನ ಒತ್ತಿ, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಅನ್ನೋದರ ಟಿಕ್ ತೆಗೆದ್ರ ಅಡಗಿಸಿಟ್ಟ ಅಸಲಿ ಫೋಲ್ಡರ್ ಮಸುಕಾಗಿ ಕಾಣಸ್ತಾವ, ಅದರೊಳಗಿನ ನಿಮ್ಮ ಪಿಡಿಎಫ್, ಫೋಟೋ ಅಷ್ಟ ಕಾಪಿ ಮಾಡಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡ್ರಿ. ಮಾಮಾ ಈಗ ಪೆನ್‌ಡ್ರೈವ್ ಒಯ್ಯೋದ ಬಿಟ್ಟಾರ, ಪಿಡಿಎಫ್ ಮಾಡಿ ಅಂಗಡಿಯವಂಗ ವಾಟ್ಸಾಪ್ ಮಾಡ್ತಾರ.

ಅಲ್ಲೇ ಇದ್ದಾಗ ಇನ್ನೊಂದು ಟಿಕ್ ಹಾಕಿಬಿಡ್ರಿ, ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್. ಇದಿಲ್ಲಂದ್ರ "ಲೈಟ್ ಬಿಲ್ ಪಿಡಿಎಫ್" ಅಂತ ಮೇಲ್‌ನ್ಯಾಗ ಬಂದ ಫೈಲ್‌ನ ಬಾಲದಾಗ ಇರೋ ಇಎಕ್ಸ್‌ಇ (ಅಂದ್ರ ಅದು ಬಿಲ್ ಅಲ್ಲ, ಓಡೋ ಪ್ರೋಗ್ರಾಂ) ಕಾಣಸೋದಿಲ್ಲ. ಸಂಶಯ ಬಂದ ಫೈಲ್‌ನ್ನ ವೈರಸ್‌ಟೋಟಲ್ ಅನ್ನೋ ಸೈಟ್‌ಗೆ ಹಾಕ್ರಿ, ಹತ್ತಾರು ಆಂಟಿವೈರಸ್ ಒಮ್ಮೆಲೇ ನೋಡಿ ಹೇಳ್ತಾವ, ಆದ್ರ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಅಲ್ಲಿ ಹಾಕಬ್ಯಾಡ್ರಿ, ಅಲ್ಲಿ ಹಾಕಿದ ಫೈಲ್ ಬ್ಯಾರೆಯವ್ರ ಕೈಗೂ ಹೋಗ್ತದ.

ಕೆಂಪು ಪಾಪ್‌ಅಪ್ ಬಗ್ಗೆ ಒಂದ ಮಾತು, ಬ್ರೌಸರ್‌ನ್ಯಾಗ "ನಿಮ್ಮ ಕಂಪ್ಯೂಟರ್‌ನ್ಯಾಗ 5 ವೈರಸ್ ಅದಾವ, ಈ ನಂಬರ್‌ಗೆ ಫೋನ್ ಮಾಡ್ರಿ" ಅಂತ ಬಂದ್ರ ಅದು ನೂರಕ್ಕ ನೂರು ಸುಳ್ಳು, ಅಸಲಿ ಆಂಟಿವೈರಸ್ ಫೋನ್ ನಂಬರ್ ಕೊಟ್ಟು ಅಂಜಸೋದಿಲ್ಲ. ಆಲ್ಟ್ ಎಫ್4 ಒತ್ತಿ ಬ್ರೌಸರ್ ಮುಚ್ರಿ, ಆಮ್ಯಾಲೆ ಅದರ ಸೆಟ್ಟಿಂಗ್ಸ್‌ನ್ಯಾಗ ನೋಟಿಫಿಕೇಷನ್ ಪರ್ಮಿಷನ್ ಯಾವ ಯಾವ ಸೈಟ್‌ಗೆ ಅದ ನೋಡಿ ಗೊತ್ತಿಲ್ಲದ್ದೆಲ್ಲಾ ಕಿತ್ತು ಹಾಕ್ರಿ.

ಫೋಟೋಗಳು ಮಾತ್ರ ಆಂಟಿವೈರಸ್ ಮ್ಯಾಲೆ ಬಿಡಬ್ಯಾಡ್ರಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದು ತಿಂಗಳಿಗೊಮ್ಮೆ ಕಾಪಿ ಮಾಡಿ, ವೈರ್ ಕಿತ್ತು ಕಪಾಟಿನಾಗ ಇಡ್ರಿ, ಹಚ್ಚೇ ಬಿಟ್ರ ರ್‍ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡ್ತದ. ವಿಂಡೋಸ್ ಸೆಕ್ಯೂರಿಟಿಯಾಗ ರ್‍ಯಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಅದ, ತಾನಾಗಿ ಆನ್ ಇರೋದಿಲ್ಲ, ನೀವ ಮಾಡ್ಬೇಕು. ಮಾಡಿದ್ರ ಗುರ್ತಿಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್ಸ್ ಮುಟ್ಟಾಕ ಆಗೋದಿಲ್ಲ, ಕನ್ನಡ ಟೈಪ್ ಮಾಡೋ 'ನುಡಿ'ಯಂಥ ಹಳೇ ಸಾಫ್ಟ್‌ವೇರ್‌ಗೂ ಒಮ್ಮೊಮ್ಮೆ ಅಡ್ಡ ಬರಬಹುದು, ಆಗ ಅದಷ್ಟಕ್ಕ ಅಲ್ಲೇ ಪರವಾನಗಿ ಕೊಡ್ರಿ.

ಇಷ್ಟೆಲ್ಲಾ ಮಾಡಿನೂ ಹೊಕ್ತು ಅಂದ್ರ ಮೊದ್ಲು ವೈಫೈ ಆಫ್. ಡಿಫೆಂಡರ್ ಸ್ಕ್ಯಾನ್ ಆಪ್ಷನ್ಸ್‌ನ್ಯಾಗ ಆಫ್‌ಲೈನ್ ಸ್ಕ್ಯಾನ್ ಅದ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳೋಕಿಂತ ಮೊದ್ಲ ಸುಮಾರು 15 ನಿಮಿಷ ತಪಾಸ ಮಾಡ್ತದ, ಅವಿತು ಕೂತದ್ದು ಇದಕ್ಕ ಸಿಗ್ತದ. ಪಾಸ್‌ವರ್ಡ್ ಬದಲಿ ಮಾಡೋದು ಆ ಕಂಪ್ಯೂಟರ್‌ನಿಂದ ಅಲ್ಲ, ಫೋನ್‌ನಿಂದ, ಮೊದ್ಲು ಮೇಲ್‌ದು, ಆಮ್ಯಾಲೆ ಬ್ಯಾಂಕಿಂದು. ಫೈಲ್ ಲಾಕ್ ಆಗಿದ್ರ ರೊಕ್ಕ ಕೊಡೋಕಿಂತ ಮೊದ್ಲು ನೋ ಮೋರ್ ರ್‍ಯಾನ್ಸಮ್ ಅನ್ನೋ ಸೈಟ್ ನೋಡ್ರಿ, ಯೂರೋಪೋಲ್‌ನವ್ರು 2016ರಾಗ ಬ್ಯಾರೆಯವ್ರ ಜೋಡಿ ಸೇರಿ ಶುರು ಮಾಡಿದ್ದು, ಕೆಲವೊಂದಕ್ಕ ಕೀಲಿಕೈ ಪುಕ್ಕಟ ಸಿಗ್ತದ. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟ್‌ನ್ಯಾಗೂ ಸ್ವಚ್ಛ ಮಾಡೋ ಟೂಲ್ ಪುಕ್ಕಟ ಅದಾವ. ಅಕೌಂಟ್‌ನಿಂದ ರೊಕ್ಕ ಹೋಗಿದ್ರ ಮಾತ್ರ ಸ್ಕ್ಯಾನ್ ಗೀನ್ ಎಲ್ಲಾ ಆಮ್ಯಾಲೆ, ಬ್ಯಾಂಕಿಗೆ ಒಂದು ಫೋನು, ಸೈಬರ್ ಮೋಸದ ದೂರು ತಗೊಳ್ಳೋ 1930ಕ್ಕ ಒಂದು ಫೋನು, ಅಂಜಿ ಮನ್ಯಾಗ ಮುಚ್ಚಿಟ್ಟಗೊಂಡು ಮರುದಿನದ ತನಕ ಕೂಡಬ್ಯಾಡ್ರಿ, ಆಗ ನನಗ ಫೋನ್ ಮಾಡಿದ್ರ ನಾನೂ ಏನೂ ಮಾಡಾಕ ಬರೋದಿಲ್ಲ.