ಗರ್ಭಕಂಠದ ಕೋಶಗಳನ್ನು ಗುರುತಿಸಲು ಕಂಪ್ಯೂಟರ್‌ಗೆ ಕಲಿಸುವುದು ಹೇಗೆ?

ಗರ್ಭಕಂಠದ ಕ್ಯಾನ್ಸರ್ ಪತ್ತೆಯನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಳ್ಳುವ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನನ್ನ ಮೊದಲ ಮಾತು: ಕೋಡ್ ಆಮೇಲೆ, ಗಾಜಿನ ಸ್ಲೈಡ್ ಮೊದಲು.

ರೋಣದಲ್ಲೋ ಶಿಗ್ಗಾವಿಯಲ್ಲೋ ನರ್ಸ್ ಗರ್ಭಕಂಠದ ಕೋಶಗಳನ್ನು ಸವರಿ ತೆಗೆದು ಸ್ಲೈಡಿಗೆ ಬಳಿದ ಕೂಡಲೇ ಅದು 95% ಈಥೈಲ್ ಆಲ್ಕೊಹಾಲ್‌ನಲ್ಲಿ ಮುಳುಗಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ತುಸು ತಡವಾದರೂ ಕೋಶ ಒಣಗಿ, ಅದರ ಕೋಶಕೇಂದ್ರ ಉಬ್ಬುತ್ತದೆ. ದೊಡ್ಡದಾದ ಕೋಶಕೇಂದ್ರವೇ ರೋಗದ ಗುರುತೂ ಹೌದು. ಇಲ್ಲಿ ಕೆಟ್ಟದ್ದನ್ನು ಯಾವ ಸಾಫ್ಟ್‌ವೇರೂ ರಿಪೇರಿ ಮಾಡಲಾರದು.

ಮುಂದೆ ಕೋಶದ ಭಾಗಗಳು ಎದ್ದು ಕಾಣುವಂತೆ ಪ್ಯಾಪ್ ಬಣ್ಣ ಹಾಕಿ ಸ್ಕ್ಯಾನ್ ಮಾಡಿ. ಲೇಪ ದಪ್ಪವಿದ್ದರೆ ಬೇರೆ ಬೇರೆ ಫೋಕಸ್‌ನಲ್ಲಿ ಹಲವು ಪದರ ತೆಗೆಯಿರಿ.

ಈಗ ಅಳತೆ. ಪ್ರತಿ ಕೋಶದಲ್ಲಿ ಕೋಶಕೇಂದ್ರ, ಅದರ ಸುತ್ತಲಿನ ಕೋಶದ್ರವ್ಯ ಎರಡರ ಗಡಿ ಗುರುತಿಸಬೇಕು. ಆರೋಗ್ಯವಂತ ಮಧ್ಯಪದರದ ಕೋಶದ ಕೋಶಕೇಂದ್ರ ಸುಮಾರು 35 ಚದರ ಮೈಕ್ರೋಮೀಟರ್. ಕ್ಯಾನ್ಸರ್‌ಗೆ ಮುಂಚಿನ ಕೆಳದರ್ಜೆಯ, ಎಂದರೆ ಸೌಮ್ಯ, ಬದಲಾವಣೆಯಲ್ಲಿ ಅದು ಇದರ ಮೂರು ಪಟ್ಟು ಮೀರುತ್ತದೆ. ಮೇಲ್ದರ್ಜೆಯದ್ದು, ಎಂದರೆ ತೀವ್ರವಾದದ್ದು, ಹೆಚ್ಚು ಮೋಸಗೊಳಿಸುತ್ತದೆ: ಕೋಶವೇ ಚಿಕ್ಕದು, ಕೋಶದ್ರವ್ಯ ತೀರಾ ಕಡಿಮೆ. ಆದ್ದರಿಂದ ಗಾತ್ರವೊಂದನ್ನೇ ನಂಬದೆ ಎರಡರ ಅನುಪಾತ, ಬಣ್ಣದ ಗಾಢತೆ, ಅಂಚಿನ ವಕ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಭ್ಯಾಸಕ್ಕೆ, ಗರ್ಭಕಂಠದ ಕೋಶಗಳ ಸಿದ್ಧ ಚಿತ್ರಸಂಗ್ರಹವಾದ ಹರ್ಲೆವ್‌ನ 917 ಚಿತ್ರಗಳು ಸಾಕು. ಆದರೆ ಅವು ಬಿಡಿ ಬಿಡಿ ಕೋಶಗಳು. ನಿಜವಾದ ಸ್ಲೈಡಿನಲ್ಲಿ ಸಾವಿರಾರು ಕೋಶಗಳು ಒಂದರ ಮೇಲೊಂದು ಬಿದ್ದಿರುತ್ತವೆ, ನಡುವೆ ರಕ್ತ, ಕೀವು. ಬಿಡಿ ಚಿತ್ರಗಳಲ್ಲಿ ಬಂದ ಒಳ್ಳೆಯ ಅಂಕ ನಿಜವಾದ ಸ್ಲೈಡಿನಲ್ಲಿ ನಿಲ್ಲುವುದಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಥರದ ಬೋಧಕ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗವನ್ನು ಕೇಳಿ. ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿದ ಸ್ಲೈಡ್‌ಗಳ ಮೇಲೆಯೇ ಪರೀಕ್ಷಿಸಿ. ಒಬ್ಬಳೇ ಮಹಿಳೆಯ ಕೋಶಗಳು ತರಬೇತಿಗೂ ಪರೀಕ್ಷೆಗೂ ಹಂಚಿಹೋಗಬಾರದು. ಹೋದರೆ ಫಲಿತಾಂಶ ಸುಳ್ಳಾಗುತ್ತದೆ.

ತೀರ್ಪನ್ನು ಯಂತ್ರಕ್ಕೆ ಬಿಡಬೇಡಿ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಥಿನ್‌ಪ್ರೆಪ್ ಇಮೇಜರ್ ಎಂಬ ಸ್ಲೈಡ್ ಓದುವ ಯಂತ್ರ ಕೂಡ ಅನುಮಾನದ 22 ಜಾಗಗಳನ್ನು ತೋರಿಸಿ, ನೋಡುವ ಕೆಲಸವನ್ನು ತಜ್ಞರಿಗೇ ಒಪ್ಪಿಸುತ್ತದೆ. ಅದೇ ಸರಿಯಾದ ಮಾದರಿ. ಹುಸಿ ಎಚ್ಚರಿಕೆ ಕೆಲವು ಬಂದರೂ ಬರಲಿ, ರೋಗವಿರುವ ಸ್ಲೈಡ್ ತಪ್ಪಬಾರದು ಎಂಬಂತೆ ಎಚ್ಚರಿಕೆ ಕೊಡುವ ಮಿತಿ ಇಡಿ.

ಅನುಮಾನ ಬಂದರೆ ಅದು ಕ್ಯಾನ್ಸರ್ ಎಂದಲ್ಲ. ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವುದು), ಬೇಕಿದ್ದರೆ ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷಿಸುವುದು) ಆಗಬೇಕು. ವರದಿಯಲ್ಲೇ ಅದನ್ನು ಕನ್ನಡದಲ್ಲಿ ಬರೆಯಿರಿ, ಮುಂದಿನ ತಪಾಸಣೆಯ ದಿನಾಂಕದ ಸಮೇತ. ಮುಂಡರಗಿಯಿಂದ ದಿನಗೂಲಿ ಬಿಟ್ಟು ಬರುವವಳಿಗೆ ಎರಡು ಸಲ ಅಲೆಯುವುದು ತಪ್ಪುತ್ತದೆ.