ವೈಡ್ ಬೆಲ್ಟ್ ಸ್ಯಾಂಡರ್: ಮೊದಲು ದಪ್ಪ, ಆಮೇಲೆ ನುಣುಪು

ತುಮಕೂರಿನ ಅಂತರಸನಹಳ್ಳಿ ಕಡೆ ನನ್ನದೊಂದು ವರ್ಕ್‌ಶಾಪ್ ಇದೆ. ಬಾಗಿಲು, ಡೈನಿಂಗ್ ಟೇಬಲ್, ವಾರ್ಡ್‌ರೋಬ್ ಶಟರ್ ಮಾಡುತ್ತೇವೆ. ವೈಡ್ ಬೆಲ್ಟ್ ಸ್ಯಾಂಡರ್, ಅಂದರೆ ಸ್ಯಾಂಡ್ ಪೇಪರಿನ ಅಗಲ ಬೆಲ್ಟ್ ತಿರುಗಿಸಿ ಹಲಗೆ ಉಜ್ಜುವ ಮೆಷಿನ್, ಹಾಕಿಸಿದ ಮೇಲೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: "ಫಿನಿಶಿಂಗ್ ಹೆಂಗೆ ಬರುತ್ತೆ?" ದಪ್ಪ ಎಷ್ಟು ಸಮ ಬರುತ್ತೆ ಅಂತ ಯಾರೂ ಕೇಳಲಿಲ್ಲ. ನನ್ನ ಅನುಭವದಲ್ಲಿ ಈ ಮೆಷಿನ್ ದುಡಿಯುವುದು ಅದಕ್ಕೇ.

ನಮ್ಮದು ಎರಡು ಹೆಡ್, ಅಂದರೆ ಹಲಗೆ ಉಜ್ಜುವ ಎರಡು ಭಾಗ, ಇರುವ ಮೆಷಿನ್. ಅಗಲ 1300 ಮಿಲಿಮೀಟರ್, ಅಂದರೆ ನಾಲ್ಕು ಅಡಿ ಪ್ಲೈ ಆರಾಮಾಗಿ ಒಳಗೆ ಹೋಗುತ್ತದೆ. ಕೆಳಗೆ ರಬ್ಬರಿನ ಕನ್ವೇಯರ್ ಹಲಗೆಯನ್ನು ಒಳಗೆ ಎಳೆಯುತ್ತದೆ. ಮೇಲೆ ಅಷ್ಟೇ ಅಗಲದ ಸ್ಯಾಂಡಿಂಗ್ ಬೆಲ್ಟ್, ರೋಲರ್‌ಗಳ ಮೇಲೆ ತಿರುಗುತ್ತಿರುತ್ತದೆ. ಮುಂದಿನ ಹೆಡ್‌ನಲ್ಲಿ ಗಟ್ಟಿ ರೋಲರ್ ಇದೆ. ಉಬ್ಬಿದ ಜಾಗವನ್ನು ತಿಂದು ದಪ್ಪವನ್ನು ಒಂದು ಅಳತೆಗೆ ತರುವುದು ಅದೇ. ಹಿಂದಿನ ಹೆಡ್‌ನಲ್ಲಿ ಗ್ರಾಫೈಟ್ ಬಟ್ಟೆ ಹೊದಿಸಿದ ಮೆತ್ತನೆ ಪ್ಯಾಡ್. ಅದು ಮೊದಲನೆಯದು ಬಿಟ್ಟ ಗೀರುಗಳನ್ನು ಒರೆಸುತ್ತದೆ. ಬೆಲ್ಟ್ ಬಿಗಿಯಾಗಿ ನಿಲ್ಲುವುದಕ್ಕೂ, ಪಕ್ಕಕ್ಕೆ ಜಾರದ ಹಾಗೆ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಸರಿಯುವುದಕ್ಕೂ ಕಂಪ್ರೆಸರ್ ಗಾಳಿ ಬೇಕು. ಗಾಳಿಯ ಒತ್ತಡ ಕಡಿಮೆಯಾದರೆ ನಮ್ಮ ಮೆಷಿನ್ ಸ್ಟಾರ್ಟೇ ಆಗುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಹುಡುಗರು ಮೊದಲು ನೋಡುವುದು ಆ ಗೇಜನ್ನೇ.

ಮರಗೆಲಸದಲ್ಲಿ ನಮ್ಮ ಲೆಕ್ಕ ಇಂಚು, ನೂಲು. ಒಂದು ನೂಲು ಅಂದರೆ ಹತ್ತಿರ ಹತ್ತಿರ ಮೂರು ಮಿಲಿಮೀಟರ್. ಈ ಮೆಷಿನ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಗ್ರಿಟ್ ಅಂದರೆ ಬೆಲ್ಟ್‌ನ ಮರಳು ಎಷ್ಟು ಸಣ್ಣದು ಅನ್ನುವ ನಂಬರ್, ಹೆಚ್ಚಿದಷ್ಟೂ ನಯ. 80 ಗ್ರಿಟ್ ಬೆಲ್ಟ್‌ಗೆ ಒಂದು ಸಲಕ್ಕೆ ನಾನು ಸವೆಸಲು ಕೊಡುವುದು 0.3 ಮಿಲಿಮೀಟರ್. 180ಕ್ಕೆ ಬಂದರೆ 0.1 ಕೂಡ ಜಾಸ್ತಿಯೇ. "ಇನ್ನೊಂಚೂರು ಇಳಿಸಿದ್ರೆ ಬೇಗ ಮುಗಿಯುತ್ತೆ ಅಣ್ಣ" ಅಂತ ಹುಡುಗರಿಗೆ ಕೈ ತುರಿಸುತ್ತಿರುತ್ತದೆ. ಇಳಿಸಿದರೆ ಮರ ಸುಡುತ್ತದೆ, ಬೆಲ್ಟ್‌ನ ಆಯುಸ್ಸೂ ಹೋಗುತ್ತದೆ. ನೂಲುಗಟ್ಟಲೆ ತೆಗೆಯಬೇಕಾದರೆ ಥಿಕ್‌ನೆಸ್ ಪ್ಲೇನರ್ ಇದೆಯಲ್ಲ, ಅದರಲ್ಲೇ ತೆಗೆದು ಆಮೇಲೆ ಇದಕ್ಕೆ ಕೊಡಬೇಕು. ಹಾಗಂತ ಪ್ಲೇನರ್ ಎಲ್ಲಕ್ಕೂ ಆಗುವುದಿಲ್ಲ. ಗುಬ್ಬಿ, ಚೇಳೂರು ಕಡೆಯಿಂದ ಹಲಸಿನ ಹಲಗೆ ಬರುತ್ತವೆ. ಅದರ ಎಳೆ ಒಂದೊಂದು ಕಡೆ ಹಿಂದುಮುಂದಾಗಿರುತ್ತದೆ. ಅಂಥ ಜಾಗದಲ್ಲಿ ಪ್ಲೇನರ್ ಬ್ಲೇಡು ಮರವನ್ನು ಕಿತ್ತು ಗುಂಡಿ ಮಾಡುತ್ತದೆ. ಸ್ಯಾಂಡರ್ ಕೀಳುವುದಿಲ್ಲ, ಸವೆಸುತ್ತದೆ ಅಷ್ಟೇ.

ಬಹಳ ಜನಕ್ಕೆ ಹೇಳಿದರೂ ನಂಬಿಕೆ ಬಾರದ ವಿಷಯ ಒಂದಿದೆ. ಈ ಮೆಷಿನ್ ಬಾಗಿದ ಹಲಗೆಯನ್ನು ನೇರ ಮಾಡುವುದಿಲ್ಲ. ಒಳಗಿನ ಒತ್ತು ರೋಲರ್‌ಗಳು ಹಲಗೆಯನ್ನು ಅದುಮಿ ಚಪ್ಪಟೆ ಹಿಡಿದಿರುತ್ತವೆ. ಆಚೆ ಬಂದ ತಕ್ಷಣ ಅದು ಮತ್ತೆ ಬಾಗುತ್ತದೆ. ದಪ್ಪ ಎಲ್ಲ ಕಡೆ ಒಂದೇ, ಆದರೆ ಹಲಗೆ ಬಾಳೆಲೆ ಥರ! ಮೊದಲು ಒಂದು ಮುಖವನ್ನು ಸರ್ಫೇಸ್ ಪ್ಲೇನರ್‌ನಲ್ಲಿ ನೇರ ಮಾಡಿಕೊಂಡು, ಆ ಮುಖ ಕೆಳಗೆ ಬರುವ ಹಾಗೆ ಕೊಟ್ಟರೆ ಮಾತ್ರ ಸರಿ.

ಹಲಗೆ ಕೊಡುವ ಮುಂಚೆ ಅದರ ಮೈ ತುಂಬ ಪೆನ್ಸಿಲ್‌ನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯುತ್ತೇವೆ. ಒಂದು ಸಲ ಹೋಗಿ ಬಂದ ಮೇಲೆ ಗೆರೆ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗಿದೆ ಅಂತ ಅರ್ಥ. ಎಲ್ಲ ಗೆರೆ ಅಳಿಸಿತು ಅಂದರೆ ಸಮ ಬಂತು, ಇನ್ನು ಮುಂದಿನ ಗ್ರಿಟ್. 80 ಆದಮೇಲೆ 120, ಆಮೇಲೆ 150, 180. 80ರಿಂದ ಸೀದಾ 180ಕ್ಕೆ ಹಾರಿದರೆ ಕಣ್ಣಿಗೆ ನುಣ್ಣಗೇ ಕಾಣುತ್ತದೆ. ಸ್ಟೇನ್, ಅಂದರೆ ಮರಕ್ಕೆ ಕೊಡುವ ಬಣ್ಣ, ಹಚ್ಚಿ ನೋಡಿ, ಆಗ 80ರ ಗೀರುಗಳೆಲ್ಲ ಎದ್ದು ನಿಲ್ಲುತ್ತವೆ.

ಇನ್ನು ಗುರುತುಗಳ ವಿಷಯ. "ಅಣ್ಣ, ಹಾವು ಬಂತು" ಅಂತ ಹುಡುಗ ಕೂಗಿದರೆ ಮೆಷಿನ್ ನಿಲ್ಲಿಸಲೇಬೇಕು. ಹಲಗೆಯ ಉದ್ದಕ್ಕೂ ಒಂದು ಸಣ್ಣ ಏರು, ಹಾವು ಹರಿದ ಹಾಗೆ ಅಂಕುಡೊಂಕು. ಬೆರಳಾಡಿಸಿದರೆ ಗೊತ್ತಾಗುತ್ತದೆ. ಟಾರ್ಚನ್ನು ಹಲಗೆಗೆ ಒರಗಿಸಿ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಒಣಗಿದ ಫೆವಿಕಾಲ್ ಗಂಟು ಬೆಲ್ಟ್‌ಗೆ ಮೆತ್ತಿಕೊಂಡಿರುತ್ತದೆ, ಇಲ್ಲವೇ ಅಲ್ಲಿನ ಮರಳು ಉದುರಿರುತ್ತದೆ. ಆ ಜಾಗದಲ್ಲಿ ಮರ ಸವೆಯದೆ ಏರಾಗಿ ಉಳಿಯುತ್ತದೆ. ಬೆಲ್ಟ್ ಎಡಬಲ ಸರಿಯುವುದರಿಂದ ಗೆರೆಯೂ ಡೊಂಕು. ಅಂಟು ಮೆತ್ತಿದ್ದರೆ ಕ್ರೇಪ್ ರಬ್ಬರ್ ಕಡ್ಡಿಯಲ್ಲಿ ಬಿಡಿಸಬಹುದು, ತೇಗದ ಎಣ್ಣೆಯಿಂದ ಕಟ್ಟಿದ ಪುಡಿಗೂ ಅದೇ ಮದ್ದು. ಮರಳೇ ಉದುರಿದ್ದರೆ ಬೆಲ್ಟ್ ಬದಲಿಸಬೇಕು, ಬೇರೆ ದಾರಿ ಇಲ್ಲ.

ಉದ್ದಕ್ಕಲ್ಲದೆ ಅಡ್ಡಡ್ಡ ಗೆರೆ, ಅದೂ ಸಮ ಅಂತರದಲ್ಲಿ ಬಂದರೆ ನಾನು ಲೆಕ್ಕ ಹಾಕುತ್ತೇನೆ. ನಮ್ಮ ಬೆಲ್ಟ್ ಉದ್ದ 1900 ಮಿಲಿಮೀಟರ್, ವೇಗ ಸೆಕೆಂಡಿಗೆ 18 ಮೀಟರ್. ಅಂದರೆ ಒಂದು ಸುತ್ತಿಗೆ ಸುಮಾರು 0.105 ಸೆಕೆಂಡ್. ಕನ್ವೇಯರ್ ನಿಮಿಷಕ್ಕೆ 6 ಮೀಟರ್ ಹೋಗುತ್ತಿದ್ದರೆ ಅಷ್ಟರಲ್ಲಿ ಹಲಗೆ ಸುಮಾರು ಹತ್ತೂವರೆ ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಗೆರೆಗಳ ಅಂತರ ಅಷ್ಟೇ ಇದ್ದರೆ ತಪ್ಪು ಬೆಲ್ಟ್‌ನ ಜಾಯಿಂಟ್‌ನದು. ಅದಕ್ಕಿಂತ ಹತ್ತಿರ ಹತ್ತಿರ ಇದ್ದರೆ ರೋಲರ್ ಅಥವಾ ಬೇರಿಂಗ್ ಕಡೆ ನೋಡಬೇಕು. ಸುಮ್ನೆ ಬೆಲ್ಟ್ ಬದಲಿಸುತ್ತಾ ಕೂತರೆ ದುಡ್ಡು ದಂಡ.

ಪ್ಯಾನೆಲ್ ಬಾಗಿಲಿನಲ್ಲಿ ಉದ್ದ ಪಟ್ಟಿಯ ಎಳೆ ಒಂದು ಕಡೆ, ಅಡ್ಡ ಪಟ್ಟಿಯದು ಇನ್ನೊಂದು ಕಡೆ. ಹೇಗೆ ಕೊಟ್ಟರೂ ಒಂದರ ಮೇಲೆ ಅಡ್ಡ ಗೀರು ಬೀಳುತ್ತದೆ. ಅದನ್ನು ಆಮೇಲೆ ಆರ್ಬಿಟಲ್ ಸ್ಯಾಂಡರ್ ಹಿಡಿದು ಕೈಯಲ್ಲೇ ತೆಗೆಯುತ್ತೇವೆ. ವೆನಿಯರ್ ಹಚ್ಚಿದ ಶೀಟ್ ಅಂದರೆ ನನಗೆ ಈಗಲೂ ಎದೆ ಡವಡವ. ವೆನಿಯರ್ ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಮರದ ಪದರ, ಕೆಳಗಿನ ಪ್ಲೈ ಎಲ್ಲಿಯಾದರೂ ಉಬ್ಬಿದ್ದರೆ ಅಲ್ಲಿ ವೆನಿಯರ್ ಮಾಯ. ಅದಕ್ಕೇ ಪ್ಲೈಯನ್ನು ಮೊದಲು ದಪ್ಪಕ್ಕೆ ತಂದು, ಆಮೇಲೆ ವೆನಿಯರ್ ಅಂಟಿಸುತ್ತೇವೆ. ತುಂಬ ಗಿಡ್ಡ ತುಂಡುಗಳನ್ನು ಒಳಗೆ ಬಿಡುವುದೇ ಇಲ್ಲ. ಎರಡು ಒತ್ತು ರೋಲರ್‌ಗಳ ನಡುವೆ ಹಿಡಿತ ತಪ್ಪಿದರೆ ತುಂಡು ಗುಂಡಿನ ಹಾಗೆ ವಾಪಸ್ ಹಾರುತ್ತದೆ. ಫೀಡ್ ಮಾಡುವವನು ಯಾವತ್ತೂ ಪಕ್ಕಕ್ಕೆ ನಿಲ್ಲಬೇಕು.

ಡಸ್ಟ್ ಕಲೆಕ್ಟರ್‌ಗೆ ದುಡ್ಡಿಲ್ಲ ಅನ್ನುವವರು ಈ ಮೆಷಿನ್ ಕೊಳ್ಳದಿರುವುದೇ ವಾಸಿ. ಇದರ ಪುಡಿ ಗರಗಸದ ಹೊಟ್ಟಿನ ಹಾಗಲ್ಲ, ಹಿಟ್ಟಿಗಿಂತ ನಯ. ಮೊಳೆಗೆ ಬೆಲ್ಟ್ ತಗುಲಿ ಕಿಡಿ ಹಾರಿದರೆ ಪೈಪಿನೊಳಗೇ ಬೆಂಕಿ ಹತ್ತಬಹುದು. ಉಸಿರಿನ ಜೊತೆ ಒಳಗೆ ಹೋಗುವುದೂ ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಲೆಕ್ಟರ್ ಇದ್ದರೂ ನಮ್ಮಲ್ಲಿ ಮಾಸ್ಕ್ ಕಡ್ಡಾಯ.

ತಿಂಗಳಿಗೆ ನಾಲ್ಕೈದು ಬಾಗಿಲು ಮಾಡುವವರಿಗೆ ಇದು ಬೇಡ. ಚದರಡಿ ಲೆಕ್ಕದಲ್ಲಿ ಜಾಬ್ ವರ್ಕ್ ಮಾಡಿಸಿಕೊಂಡರೆ ಸಾಕು. ನಮ್ಮಲ್ಲಿಗೂ ಸಿರಾ, ತಿಪಟೂರು ಕಡೆಯ ಮೇಸ್ತ್ರಿಗಳು ಮಾಲು ತರುತ್ತಾರೆ. ತರುವಾಗ ಅಂಟು ಕೆರೆದು, ಮೊಳೆ ಕಿತ್ತು ತನ್ನಿ ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ. ಆದರೂ ಬಂದ ಹಲಗೆಯ ಮೇಲೆಲ್ಲ ಒಂದು ಸಲ ಅಯಸ್ಕಾಂತ ಆಡಿಸದೆ ಕನ್ವೇಯರ್ ಮೇಲೆ ಇಡುವುದಿಲ್ಲ. ಒಳಗೆ ಮುರಿದ ಮೊಳೆಯಿಂದ ಬೆಲ್ಟ್ ಹರಿದರೆ ಅದರ ದುಡ್ಡು ಮಾಲು ತಂದವರದು, ಇದನ್ನು ಗೋಡೆಯ ಮೇಲೂ ಬರೆಸಿದ್ದೇನೆ.